ಮುಳ್ಳಿನ ನಾಡಿಗೆ ಟ್ಯೂಬಿಲ್ಲದ ಟೈರು

ನನ್ನ ತಂಗಿಯ ಮಗಳು ಒಂಬತ್ತನೇ ತರಗತಿ. ಕ್ರೀಡಾ ವಸತಿ ನಿಲಯದ ಸೈಕ್ಲಿಂಗ್ ಆಯ್ಕೆಗೆ ಹೋಗಲೇಬೇಕೆಂದು ಹಟ ಹಿಡಿದಿದ್ದಾಳೆ. ಹೋದ ವರ್ಷ ಬೆಳಗಾವಿಯಿಂದ ಯಾರೋ ಬಳಸಿ ಬಿಟ್ಟ ಮೌಂಟೇನ್ ಬೈಕ್ ಒಂದನ್ನು ತಂದುಕೊಟ್ಟೆ. ಬೆಳಿಗ್ಗೆ ಆರಕ್ಕೆ ಎಂ.ಕೆ. ಹುಬ್ಬಳ್ಳಿಯಿಂದ ಹೊರಟು ಮಲಪ್ರಭೆಯ ದಂಡೆಗುಂಟ ಹೊಲದ ದಾರಿ ಹಿಡಿಯುತ್ತಾಳೆ. ಹೋಗುವಾಗ ಹತ್ತಿಕೊಂಡು, ಬರುವಾಗ ಎಷ್ಟೋ ದಿನ ತಳ್ಳಿಕೊಂಡು. ಮೊದಲ ತಿಂಗಳು ಹನ್ನೊಂದು ಸಲ ಪಂಕ್ಚರ್ ಆಯಿತು. ಮೂವತ್ತು ವರ್ಷ ಮಕ್ಕಳಿಗೆ ಆಟ ಕಲಿಸಿದವನ ರೂಢಿ, ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದೇನೆ. ಹನ್ನೊಂದು ದಿನದ ಅಭ್ಯಾಸ ಮುಳ್ಳಿನ ಪಾಲಾಯಿತು.

ನಮ್ಮ ನೆಲವೇ ಹಾಗೆ. ಎರಿಹೊಲದ ಬದುವಿನಲ್ಲಿ ನೆಗ್ಗಿನ ಮುಳ್ಳು. ಹೇಗೆ ಬಿದ್ದರೂ ಅದರ ಒಂದು ಮೊನೆ ಮೇಲೆ ನಿಂತಿರುತ್ತದೆ. ಬೇಲಿಗೆಂದು ಕಡಿದು ಎಳೆದೊಯ್ದ ಜಾಲಿ ದಾರಿಯುದ್ದಕ್ಕೂ ಚೂರು ಉದುರಿಸಿರುತ್ತದೆ. ಹೆದ್ದಾರಿಗೆ ಬಂದರೆ ಸಿಡಿದ ಲಾರಿ ಟೈರಿನಿಂದ ಚೆದುರಿದ ಕೂದಲಿನಂಥ ತಂತಿ. ಅದು ಕಣ್ಣಿಗೆ ಕಾಣುವುದಿಲ್ಲ, ಟೈರಿನ ಒಳಮೈಗೆ ಬೆರಳಾಡಿಸಿದಾಗ ಚುಚ್ಚಿಯೇ ಗೊತ್ತಾಗಬೇಕು. ಇಂಥ ನೆಲದಲ್ಲಿ ಮಕ್ಕಳಿಗೆ ಟ್ಯೂಬ್ ಹಾಕಿದ ಸೈಕಲ್ ಕೊಟ್ಟು ‘ಜೋರಾಗಿ ಓಡಿಸು’ ಎನ್ನುವುದು ಅನ್ಯಾಯ ಎಂದು ನನಗೆ ಅನಿಸುತ್ತದೆ.

ಉಪಾಯ ಹೊಸದಲ್ಲ. ಊರಿನ ಮೋಟರ್‌ಸೈಕಲ್‌ಗಳಿಗೆ ಟ್ಯೂಬ್‌ಲೆಸ್ ಬಂದು ಎಷ್ಟೋ ಕಾಲವಾಯಿತು. ಮೌಂಟೇನ್ ಬೈಕಿಗೂ ಫ್ರಾನ್ಸಿನ ಮಾವಿಕ್ ಕಂಪನಿ 1999ರಲ್ಲೇ ಅದನ್ನು ತಂದಿತ್ತು. ರಿಮ್ಮಿನ ಕಡ್ಡಿ ತೂತುಗಳನ್ನು ಟೇಪಿನಿಂದ ಮುಚ್ಚಿ, ಬೇರೆ ವಾಲ್ವ್ ಕೂರಿಸಿ, ಟೈರಿನೊಳಗೆ ಚಕ್ರಕ್ಕೆ ಸುಮಾರು 100 ಮಿ.ಲೀ. ಸೀಲೆಂಟ್ ಹಾಕಬೇಕು. ಅದು ಹಾಲಿನಂಥ ರಬ್ಬರ್ ದ್ರವ. ಮುಳ್ಳು ನಟ್ಟಲ್ಲಿ ಗಾಳಿಯ ಜೊತೆ ತಾನೂ ನುಗ್ಗಿ ಹೆಪ್ಪುಗಟ್ಟಿ ತೂತು ಮುಚ್ಚುತ್ತದೆ. ಇನ್ನೊಂದು ಲಾಭವನ್ನು ಕಲ್ಲುದಾರಿಯಲ್ಲಿ ಓಡಿಸಿದವರೇ ಬಲ್ಲರು. ಟ್ಯೂಬಿನಲ್ಲಿ ಗಾಳಿ ಕಡಿಮೆ ಮಾಡಿದರೆ, ಕಲ್ಲಿಗೆ ಬಡಿದಾಗ ಟ್ಯೂಬ್ ರಿಮ್ಮಿಗೆ ಸಿಕ್ಕಿ ಹಾವು ಕಚ್ಚಿದಂತೆ ಜೋಡಿ ತೂತು ಬೀಳುತ್ತದೆ. ಟ್ಯೂಬೇ ಇಲ್ಲವೆಂದರೆ ಆ ಭಯವಿಲ್ಲ. ಹಗುರ ಹುಡುಗಿ, 22–25 ಪಿಎಸ್‌ಐ ಸಾಕು. ಟೈರು ನೆಲವನ್ನು ಅವಚಿ ಹಿಡಿಯುತ್ತದೆ.

ಮನೆಯಂಗಳದಲ್ಲಿ ನಾನೇ ಕೂರಿಸಲು ಹೋದೆ. ಪಂಪಿನಿಂದ ಎಷ್ಟು ಹೊಡೆದರೂ ಗಾಳಿ ಅಂಚಿನಿಂದ ಸೋರಿಹೋಗುತ್ತಿತ್ತು. ಗಾಳಿ ಒಮ್ಮೆಲೇ ನುಗ್ಗಿದರೆ ಮಾತ್ರ ಟೈರು ಅಂಚಿಗೆ ಕೂರುವುದು. ಅದಕ್ಕೆ ಗಾಳಿ ತುಂಬಿಟ್ಟುಕೊಳ್ಳುವ ಬೇರೆ ಪಂಪ್ ಬೇಕು ಎಂದು ಪಟ್ಟಣದ ಅಂಗಡಿಯೊಂದರಲ್ಲಿ ಹೇಳಿದ ಬೆಲೆ ಕೇಳಿ ಸುಮ್ಮನೆ ವಾಪಸ್ಸು ಬಂದೆ. ಬಸ್ಸಿಳಿದಾಗ ಎದುರಿಗೇ ಹೆದ್ದಾರಿಯ ಪಂಕ್ಚರ್ ಅಂಗಡಿ, ಅದರ ಕಂಪ್ರೆಸರ್ ಗುಡುಗುಡು ಅನ್ನುತ್ತಿತ್ತು.

ಅಂಗಡಿಯ ಚಾಚಾ ಗಾಲಿಯನ್ನು ತಿರುವಿ ನೋಡಿದರು. “ಲಾರಿ ಟೈರಿಗೆ ಏನ್ ಮಾಡ್ತೀವಿ, ಇದಕ್ಕೂ ಅದನ್ನ ಮಾಡೂದ್ರಿ ಸರ. ಇದು ಅದರ ಮರಿ, ಅಷ್ಟ.” ಅಂಚಿಗೆ ಸಾಬೂನು ನೀರು ಸವರಿದರು, ವಾಲ್ವಿನ ಪಿನ್ನು ಬಿಚ್ಚಿ ಗಾಳಿ ಬಿಟ್ಟರು. ಟಪ್, ಟಪ್ ಎಂದು ಎರಡೂ ಅಂಚು ಕುಳಿತವು. ಅಷ್ಟರಲ್ಲಿ ನಾನು ಅವರ ಕೈ ಹಿಡಿದೆ. ಲಾರಿಯ ಗಾಳಿ 100 ಪಿಎಸ್‌ಐ ದಾಟುತ್ತದೆ, ಸೈಕಲ್ ರಿಮ್ಮು ಅದನ್ನು ತಾಳದು. ಟೈರಿನ ಮೈಮೇಲೆ ಬರೆದ ಮಿತಿ ಓದಿ, ಮೀಟರ್ ನೋಡಿಕೊಂಡೇ ಹಾಕಬೇಕು. ಈ ಒಂದು ಮಾತನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು.

ಮರುದಿನ ಬೆಳಿಗ್ಗೆ ನೋಡಿದರೆ ಟೈರು ಚಪ್ಪಟೆ. ಕಡ್ಡಿಯೊಂದರ ಬುಡದಲ್ಲಿ ಬಿಳಿ ಹಾಲು ಒಸರಿ ಒಣಗಿತ್ತು. ತಪ್ಪು ನನ್ನದು, ಟೇಪಿನ ಕೆಳಗೆ ಗುಳ್ಳೆ ಉಳಿದಿತ್ತು. ಚಾಚಾ ಪೂರ್ತಿ ಕಿತ್ತು, ರಿಮ್ಮನ್ನು ಸ್ಪಿರಿಟ್ಟಿನಿಂದ ಒರೆಸಿ ಒಣಗಿಸಿದರು. ಹುಡುಗಿ ಗಾಲಿ ಹಿಡಿದಳು. ಚಕ್ಕಡಿ ಗಾಲಿಗೆ ಹಳಿ ಕೂರಿಸುವಷ್ಟು ಬಿಗಿಯಾಗಿ ಚಾಚಾ ಟೇಪ್ ಎಳೆದು ಸುತ್ತಿ, ತುದಿಯ ಮೇಲೆ ಗೇಣುದ್ದ ಹಾಯಿಸಿ, ಹೆಬ್ಬೆರಳಿನಿಂದ ತಿಕ್ಕಿದರು. ಆಮೇಲೆ ಸೋರಲಿಲ್ಲ.

ನಾನು ಹೇಳಬೇಕೆಂದಿರುವುದು ಇಷ್ಟೇ. ಕಂಪ್ರೆಸರ್ ನಮ್ಮೂರಲ್ಲಿದೆ, ಕೈಚಳಕ ನಮ್ಮೂರಲ್ಲಿದೆ. ಇಲ್ಲದಿರುವುದು ಬಾಟಲಿ, ಟೇಪು ಮತ್ತು ಒಂದು ದಿನದ ತರಬೇತಿ. ರಾಮದುರ್ಗ ತಾಲ್ಲೂಕಿನ ಚಂದರಗಿಯಲ್ಲಿ ಕ್ರೀಡಾ ಶಾಲೆ ಇದೆ. 2022ರ ಫೆಬ್ರುವರಿಯಲ್ಲಿ ರಾಷ್ಟ್ರೀಯ ಮೌಂಟೇನ್ ಬೈಕ್ ಚಾಂಪಿಯನ್‌ಷಿಪ್ಪೇ ಪಕ್ಕದ ಗದಗಿಗೆ ಬಂದಿತ್ತು. ಸೈಕಲ್ಲಿಗೆ ಹೆಸರಾದ ವಿಜಯಪುರ, ಬಾಗಲಕೋಟೆ ದೂರವೇನಲ್ಲ. ಆದರೂ ಹಳ್ಳಿಯ ಮಗು ಆಯ್ಕೆಯವರೆಗೆ ಮುಟ್ಟುವ ದಾರಿಯಲ್ಲಿ ಅದರ ಸೈಕಲ್ ನೋಡುವವರಿಲ್ಲ. ಕ್ರೀಡಾ ಇಲಾಖೆ ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗಗಳಲ್ಲಿ ತಲಾ ನಾಲ್ಕೈದು ಪಂಕ್ಚರ್ ಅಂಗಡಿಯವರನ್ನು ಕರೆದು ಒಂದು ದಿನ ಕಲಿಸಲಿ; ದಿನದ ಕೂಲಿ ಕೊಟ್ಟೇ ಕರೆಯಲಿ. ಸೀಲೆಂಟನ್ನು ಕೊಂಡ ಬೆಲೆಗೆ ಅವರ ಅಂಗಡಿಯಲ್ಲಿಡಲಿ. ಸಣ್ಣ ಬಾಟಲಿಗೆ ನಾನು 450 ರೂಪಾಯಿ ಕೊಟ್ಟೆ. ಕೂಲಿ ಮಾಡುವ ಮನೆಗೆ ಅದು ದೊಡ್ಡ ದುಡ್ಡು.

ಎಲ್ಲ ಸೈಕಲ್ಲಿಗೂ ಇದು ಒಗ್ಗುವುದಿಲ್ಲ. 2006–07ರಿಂದ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಕೊಟ್ಟಂಥ ಸಾದಾ ಸೈಕಲ್ಲಿನ ರಿಮ್ಮಿಗೆ ಟೈರಿನ ಅಂಚು ಭದ್ರವಾಗಿ ಕಚ್ಚದು, ಓಡುವಾಗ ಕಳಚಿದರೆ ಮಗು ಬೀಳುತ್ತದೆ. ಅಲ್ಲಿ ಟ್ಯೂಬೇ ಸರಿ. ಟ್ಯೂಬ್‌ಲೆಸ್‌ಗೆ ಒಪ್ಪುವ ರಿಮ್ಮು, ಟೈರು ಇದ್ದವರು ಮಾತ್ರ ಕೈಹಾಕಲಿ. ಹಾಕಿದ ಮೇಲೂ ಮರೆಯುವಂತಿಲ್ಲ. ನಮ್ಮ ಬೇಸಿಗೆಗೆ ಸೀಲೆಂಟ್ ಎರಡು–ಮೂರು ತಿಂಗಳಲ್ಲಿ ಒಣಗುತ್ತದೆ. ಗಾಲಿ ಅಲುಗಾಡಿಸಿ ಒಳಗೆ ಗುಳುಗುಳು ಸದ್ದು ಬರುತ್ತದೆಯೋ ನೋಡಿ, ಇಲ್ಲದಿದ್ದರೆ ಮತ್ತೆ ಹಾಕಬೇಕು.

ಚಾಚಾನನ್ನು ಕೇಳಿದೆ, ತರಬೇತಿ ಇಟ್ಟರೆ ಬರುತ್ತೀರಾ ಎಂದು. “ಬರ್ತೀನ್ರಿ, ಹುಡುಗನ್ನೂ ಕರ್ಕೊಂಡು ಬರ್ತೀನಿ” ಅಂದರು. ಇಡುವುದಾದರೆ ಕಬ್ಬಿನ ಹಂಗಾಮಿಗೆ ಮೊದಲೇ ಇಡಬೇಕು. ಕಾರ್ಖಾನೆ ಶುರುವಾಗಿ ಟ್ರ್ಯಾಕ್ಟರ್ ಸಾಲು ರಸ್ತೆಗಿಳಿದರೆ ಅವರಿಗೆ ಊಟಕ್ಕೂ ಪುರಸೊತ್ತು ಸಿಗುವುದಿಲ್ಲ.