ನಾವೆಲ್ಲ ಆಡಿದರೂ ಆಡದೇ ಉಳಿದ ಪಿನ್‌ಬಾಲ್

ಎಕ್ಸ್‌ಪಿ ಇದ್ದ ಕಂಪ್ಯೂಟರ್ ಮುಂದೆ ಕೂತವರಿಗೆ ಇದನ್ನು ಪರಿಚಯ ಮಾಡಿಕೊಡಬೇಕಿಲ್ಲ. ಸ್ಟಾರ್ಟ್, ಗೇಮ್ಸ್, ಪಿನ್‌ಬಾಲ್. ನೀಲಿ ಕಪ್ಪು ಮೇಜು, ಬಲಗಡೆ ಅಂಕದ ಫಲಕ, ಸ್ಪೇಸ್‌ಬಾರ್ ಒತ್ತಿ ಹಿಡಿದು ಬಿಟ್ಟರೆ ಠಣ್ ಅಂತ ಹಾರುವ ಚೆಂಡು. ಹೆಸರು 'ಸ್ಪೇಸ್ ಕೆಡೆಟ್'.

ಮೊನ್ನೆ ಇದನ್ನು ಮತ್ತೆ ಆಡಿದೆ. 2021ರಲ್ಲಿ ಯಾರೋ ಪುಣ್ಯಾತ್ಮರು ಹಳೇ ಪ್ರೋಗ್ರಾಮನ್ನು ಬಿಚ್ಚಿ ನೋಡಿ, ಅದರ ಕೋಡನ್ನು ಮತ್ತೆ ಕಟ್ಟಿ ಎಲ್ಲರಿಗೂ ಸಿಗುವಂತೆ ಇಟ್ಟಿದ್ದಾರೆ. ಹಾಗಾಗಿ ನನ್ನ ಲಿನಕ್ಸ್ ಡಬ್ಬದಲ್ಲೂ ಓಡಿತು. ಆಡುತ್ತಾ ಆಡುತ್ತಾ ನಾಚಿಕೆಯಾಗುವಂಥ ವಿಷಯವೊಂದು ಗೊತ್ತಾಯಿತು. ಆ ಕಾಲದಲ್ಲಿ ಊಟದ ಹೊತ್ತಿನಲ್ಲೆಲ್ಲ ಕುಟ್ಟಿದ್ದೆನಲ್ಲ, ಆಗ ನಾನು ಈ ಆಟವನ್ನು ಆಡಿಯೇ ಇರಲಿಲ್ಲ!

ಹೇಗೆ ಅಂತೀರಾ? ಮೇಜಿನ ಎಡಗಡೆ ಮಿಷನ್ ಟಾರ್ಗೆಟ್ ಅಂತ ಮೂರು ಗುರಿಗಳಿವೆ. ಅವಕ್ಕೆ ಹೊಡೆದರೆ ಒಂದು ಮಿಷನ್ ಆಯ್ಕೆಯಾಗುತ್ತದೆ. ಆಮೇಲೆ ಚೆಂಡನ್ನು ಲಾಂಚ್ ರ‍್ಯಾಂಪ್ ಹತ್ತಿಸಿದರೆ ಅದನ್ನು ಒಪ್ಪಿಕೊಂಡಂತೆ. ಹೇಳಿದ ಕೆಲಸ ಮುಗಿಸಿದರೆ ಮೇಜಿನ ಮಧ್ಯದ ವೃತ್ತದಲ್ಲಿ ದೀಪಗಳು ಹತ್ತುತ್ತವೆ. ವೃತ್ತ ತುಂಬಿದರೆ ಬಡ್ತಿ. ಕೆಡೆಟ್ಟಿನಿಂದ ಶುರುವಾಗಿ ಫ್ಲೀಟ್ ಅಡ್ಮಿರಲ್ ತನಕ ಒಟ್ಟು 9 ಪದವಿಗಳು. ನಾನು ಅಷ್ಟು ವರ್ಷ ಮಾಡಿದ್ದು ಮೇಲಿನ ಬಂಪರುಗಳ ನಡುವೆ ಚೆಂಡು ಕುಣಿಯೋದನ್ನು ನೋಡಿ ಖುಷಿಪಟ್ಟಿದ್ದು, ಅಷ್ಟೇ. ಕೆಡೆಟ್ ಆಗಿ ಸೇರಿದೆ, ಕೆಡೆಟ್ ಆಗಿಯೇ ನಿವೃತ್ತನಾದೆ.

ತಪ್ಪು ನನ್ನದೋ ಮೇಜಿನದೋ? ಇದನ್ನು ತೀರ್ಮಾನ ಮಾಡಲೇಬೇಕು ಅಂತ ಈ ಬರಹ.

ಮೊದಲು ಮೇಜಿನ ಪರ ವಾದ. ಪಿನ್‌ಬಾಲ್‌ನಲ್ಲಿ ಥೀಮ್ ಅಂದರೆ ಹೆಚ್ಚಿನವರು ತಿಳಿಯೋದು ಬಣ್ಣ, ಚಿತ್ರ, ಸಂಗೀತ ಅಂತ. ಸಿನಿಮಾ ಹೀರೋ ಒಬ್ಬನನ್ನು ಮೇಜಿನ ಮೂಲೆಯಲ್ಲಿ ನಿಲ್ಲಿಸಿ ಆಗಾಗ ಡೈಲಾಗ್ ಹೊಡೆಸಿದರೆ ಥೀಮ್ ಆಯಿತು ಅನ್ನುವ ಡಿಜಿಟಲ್ ಮೇಜುಗಳು ಬೇಕಾದಷ್ಟಿವೆ. ಆ ಹೀರೋನ ಕಿತ್ತು ಬೇರೊಬ್ಬನನ್ನು ನಿಲ್ಲಿಸಿದರೂ ಆಟ ಒಂದಿಷ್ಟೂ ಬದಲಾಗೋದಿಲ್ಲ. ನನ್ನ ಪ್ರಕಾರ ಅದು ಥೀಮ್ ಅಲ್ಲ, ಗೋಡೆಗೆ ಅಂಟಿಸಿದ ಕ್ಯಾಲೆಂಡರ್.

ಥೀಮ್ ಅಂದರೆ ಚೆಂಡು ಮಾಡುವ ಕೆಲಸದಲ್ಲಿ ಕಾಣಬೇಕು. ನಿಜವಾದ ಯಂತ್ರಗಳಲ್ಲಿ ಇದಕ್ಕೆ ದೊಡ್ಡ ಉದಾಹರಣೆ 1992ರ 'ಆಡಮ್ಸ್ ಫ್ಯಾಮಿಲಿ'. ಪ್ಯಾಟ್ ಲಾಲರ್ ವಿನ್ಯಾಸ ಮಾಡಿದ ಆ ಮೇಜಿನಲ್ಲಿ ಪೆಟ್ಟಿಗೆಯೊಳಗಿಂದ ಒಂದು ಕೈ ಹೊರಗೆ ಬಂದು, ಅಯಸ್ಕಾಂತದಿಂದ ಚೆಂಡನ್ನು ಎತ್ತಿಕೊಂಡು ಒಳಗೆ ಹೋಗುತ್ತದೆ. ಆ ಕುಟುಂಬದ ಕಥೆಯಲ್ಲಿ ಬರುವ ಒಂಟಿ ಕೈ ಅದು. ಇಲ್ಲಿ ಕಥೆಯೇ ಚೆಂಡನ್ನು ಮುಟ್ಟುತ್ತದೆ ನೋಡಿ.

ಸ್ಪೇಸ್ ಕೆಡೆಟ್‌ನಲ್ಲಿ ಅಂಥ ಕೈ ಇಲ್ಲ. ಆದರೆ ಲೆಕ್ಕ ಅದೇ. ಬಾಹ್ಯಾಕಾಶಕ್ಕೆ ಹೋಗಬೇಕಾ? ರ‍್ಯಾಂಪ್ ಹತ್ತು. ಮಿಷನ್ ನಡೆಯುವಾಗ ಇಂಧನದ ದೀಪಗಳು ಒಂದೊಂದಾಗಿ ಆರುತ್ತಾ ಹೋಗುತ್ತವೆ. ಪೂರ್ತಿ ಆರಿದರೆ ಮಿಷನ್ ರದ್ದು. ಅಂದರೆ ಸಮಯದ ಮಿತಿಯನ್ನೇ ಇಂಧನ ಅಂತ ಕರೆದಿದ್ದಾರೆ. ಗಡಿಯಾರ ತೋರಿಸಿದ್ದರೆ ಬೇಜಾರಾಗುತ್ತಿತ್ತು, ಪೆಟ್ರೋಲ್ ಮುಗೀತಿದೆ ಅಂದರೆ ಎದೆ ಡವಡವ! ವರ್ಮ್‌ಹೋಲ್‌ನಲ್ಲಿ ಬಿದ್ದ ಚೆಂಡು ಇನ್ನೊಂದು ಕಡೆಯಿಂದ ಉಗುಳಿಸಿಕೊಂಡು ಬರುತ್ತದೆ. ಮೇಲಿನ ರೀ-ಎಂಟ್ರಿ ದಾರಿಗಳಲ್ಲಿ ಮೂರೂ ದೀಪ ಹತ್ತಿಸಿದರೆ ಬಂಪರುಗಳಿಗೆ ಬಡ್ತಿ ಸಿಕ್ಕಿ ಬಣ್ಣ ಬದಲಾಗುತ್ತದೆ. ಹೆಸರುಗಳನ್ನು ತೆಗೆದು ಇದನ್ನೇ ಕಾಡಿನ ಮೇಜು ಮಾಡಿ ನೋಡಿ, ಅರ್ಧ ಆಟ ಅರ್ಥ ಕಳೆದುಕೊಳ್ಳುತ್ತದೆ. ಥೀಮಿಗೆ ನಾನು ಪೂರ್ತಿ ಅಂಕ ಕೊಟ್ಟೆ.

ಆಡಲು ಹೇಗಿದೆ? ಇಲ್ಲಿಯೂ ಒಳ್ಳೇ ಗುಣವೇ ಹೆಚ್ಚು. ಇಡೀ ಮೇಜು ಒಂದೇ ನೋಟಕ್ಕೆ ಕಾಣುತ್ತದೆ. 1992ರ 'ಪಿನ್‌ಬಾಲ್ ಡ್ರೀಮ್ಸ್'ನಂಥ ಆಟಗಳಲ್ಲಿ ಚೆಂಡಿನ ಹಿಂದೆ ಪರದೆಯೂ ಮೇಲೆ ಕೆಳಗೆ ಓಡುತ್ತದೆ. ಆಗ ಚೆಂಡು ಮೇಲಿದ್ದರೆ ಫ್ಲಿಪ್ಪರ್ ಕಾಣಿಸೋದಿಲ್ಲ. ಇಲ್ಲಿ ಆ ತಾಪತ್ರಯ ಇಲ್ಲ. ಚೆಂಡು ಬಿಟ್ಟ ಕೂಡಲೇ ಕೆಳಗೆ ಬಿದ್ದರೆ ಪಾಪ ಅಂತ ಮತ್ತೊಂದು ಅವಕಾಶ ಕೊಡುತ್ತದೆ. ಮೇಜನ್ನು ಮೆಲ್ಲಗೆ ಗುದ್ದಲೂಬಹುದು, ಅತಿಯಾದರೆ ಟಿಲ್ಟ್ ಆಗಿ ಫ್ಲಿಪ್ಪರ್ ಸತ್ತುಹೋಗುತ್ತದೆ. ಇದು ನ್ಯಾಯ.

ಚೆಂಡು ಮಾತ್ರ ನನಗೆ ಸ್ವಲ್ಪ ಹಗುರ ಅನಿಸುತ್ತದೆ. ಉಕ್ಕಿನ ಗುಂಡಿನ ಭಾರ ಬೆರಳಿಗೆ ತಾಗೋದಿಲ್ಲ. ಫ್ಲಿಪ್ಪರ್ ಮೇಲೆ ಚೆಂಡನ್ನು ನಿಲ್ಲಿಸಿಕೊಂಡು ನಿಧಾನವಾಗಿ ಗುರಿ ಇಡಬಹುದು ಅನ್ನೋದು ಈ ದೋಷವನ್ನು ಬಹುಪಾಲು ಮರೆಸುತ್ತದೆ. ಅಲ್ಲದೆ ಚೆಂಡಿನ ಡಿಕ್ಕಿ ಲೆಕ್ಕ ಹಾಕೋದು ಸುಲಭದ ಮಾತಲ್ಲ. ಮೈಕ್ರೋಸಾಫ್ಟಿನ ರೇಮಂಡ್ ಚೆನ್ 2012ರಲ್ಲಿ ಬರೆದ ಪ್ರಕಾರ, ಇದನ್ನು 64 ಬಿಟ್‌ಗೆ ಒಗ್ಗಿಸುವಾಗ ಚೆಂಡು ಲಾಂಚರ್ ಮೂಲಕವೇ ತೂರಿಕೊಂಡು ಕೆಳಗೆ ಬಿದ್ದುಹೋಗುತ್ತಿತ್ತಂತೆ! ವಿಸ್ಟಾದಲ್ಲಿ ಈ ಆಟ ಇರಲಿಲ್ಲ. ಡಿಕ್ಕಿ ಸರಿ ಇಲ್ಲದಿದ್ದರೆ ಥೀಮ್, ಮಿಷನ್, ಪದವಿ ಎಲ್ಲವೂ ನೀರಲ್ಲಿ ಹೋಮ.

ಈಗ ಮೇಜಿನ ವಿರುದ್ಧ. ಮಿಷನ್ ಬಗ್ಗೆ ಅದು ಹೇಳೋದೇ ಇಲ್ಲ ಅಂತಲ್ಲ. ಗುರಿಗೆ ಹೊಡಿ, ರ‍್ಯಾಂಪ್ ಹತ್ತು ಅಂತ ಹೇಳುತ್ತದೆ. ಆದರೆ ಎಲ್ಲಿ? ಬಲಗಡೆಯ ಫಲಕದ ಪುಟ್ಟ ಚೌಕದಲ್ಲಿ. ನನ್ನ ಕಣ್ಣು ಎಲ್ಲಿರುತ್ತದೆ? ಚೆಂಡಿನ ಮೇಲೆ. ಚೆಂಡು ಬಿಟ್ಟು ಆ ಕಡೆ ನೋಡಿದ ಕ್ಷಣವೇ ಚೆಂಡು ಚರಂಡಿ ಪಾಲು. ಅಂದರೆ ಪಾಠ ಓದಿದವನಿಗೆ ಶಿಕ್ಷೆ! ಒಳ್ಳೇ ಯಂತ್ರ ಕಿವಿಗೆ ಹೇಳಬೇಕು. 1979ರ 'ಗೋರ್ಗಾರ್' ಮೇಜೇ ಮಾತಾಡುತ್ತಿತ್ತು. ಈ ಮೇಜು ಬಂದಿದ್ದು 1995ರಲ್ಲಿ, ವಿಂಡೋಸ್ 95ರ ಪ್ಲಸ್ ಪ್ಯಾಕ್ ಜೊತೆ. "ಗುರಿ ಹೊಡಿ" ಅಂತ ಒಂದು ದನಿ ಇದ್ದಿದ್ದರೆ ಸಾಕಿತ್ತು, ನನ್ನಂಥ ಎಷ್ಟೋ ಕೆಡೆಟ್‌ಗಳಿಗೆ ಬಡ್ತಿ ಸಿಗುತ್ತಿತ್ತು.

ಇನ್ನೊಂದು ದೂರು. 'ಫುಲ್ ಟಿಲ್ಟ್' ಅನ್ನುವ ದುಡ್ಡಿನ ಆಟದಲ್ಲಿದ್ದ ಮೂರು ಮೇಜುಗಳಲ್ಲಿ ಇದು ಒಂದು. ಅಲ್ಲಿ ಒಟ್ಟಿಗೆ ಹಲವು ಚೆಂಡು ಆಡಿಸುವ ಮಲ್ಟಿಬಾಲ್ ಇತ್ತು, ವಿಂಡೋಸಿನದರಲ್ಲಿ ಇಲ್ಲ. ಪುಕ್ಕಟೆ ಸಿಕ್ಕಿದ್ದಕ್ಕೆ ಹಲ್ಲು ಎಣಿಸಬಾರದು, ನಿಜ. ಆದರೂ ಹೊಟ್ಟೆ ಉರಿಯುತ್ತದೆ.

ಹಾಗಾದರೆ ತೀರ್ಪು? ಕಟ್ಟಿದ ಕೈ ದೊಡ್ಡದು, ಕಲಿಸುವ ಬಾಯಿ ಸಣ್ಣದು. ತಪ್ಪಿನಲ್ಲಿ ಮುಕ್ಕಾಲು ಮೇಜಿನದು. ಉಳಿದ ಕಾಲು ನನ್ನದೇ. ಸಹಾಯದ ಪುಟ ತೆರೆದು ಓದಿದ್ದರೆ ಗೊತ್ತಾಗುತ್ತಿತ್ತು, ಆದರೆ ಪುಕ್ಕಟೆ ಆಟಕ್ಕೆ ಸಹಾಯ ಓದೋದು ಯಾರು?

ನೀವೂ ಆಗ ಬರೀ ಬಂಪರ್ ಕುಟ್ಟಿದವರಾಗಿದ್ದರೆ ಇನ್ನೊಮ್ಮೆ ಆಡಿ ನೋಡಿ. ಆಡುವ ಮುಂಚೆ ಎಡಗಡೆ ಆ ಮೂರು ಗುರಿ ನೋಡಿಟ್ಟುಕೊಳ್ಳಿ. ಮೊದಲ ಮಿಷನ್ ಮುಗಿದು ವೃತ್ತದಲ್ಲಿ ದೀಪ ಹತ್ತಿದಾಗ ಏನೋ ಸಾಲ ತೀರಿದ ಹಾಗೆ ಅನಿಸುತ್ತದೆ.

ನಾನೀಗ ಲೆಫ್ಟಿನೆಂಟ್. ಊಟಕ್ಕೆ ಕರೀತಿದ್ದಾರೆ, ಇಂಧನ ಮುಗೀತಾ ಬಂತು... ಬರಲಾ?