ನಮಗೇಕೆ ಮನೆತನದ ಹೆಸರು?

ಹೋದ ವರ್ಷ ಕಾಲೇಜು ತೆರೆದ ಹೊಸತರಲ್ಲಿ ಒಬ್ಬ ವಿದ್ಯಾರ್ಥಿನಿ ಅರ್ಜಿಯೊಂದನ್ನು ಹಿಡಿದು ನನ್ನ ಬಳಿಗೆ ಬಂದಳು. ಹನೂರಿನಿಂದ ಆಚೆ, ಬೆಟ್ಟದ ದಾರಿಯ ಹಳ್ಳಿಯವಳು. "ಸಾರ್, ಇದ್ರಲ್ಲಿ ಸರ್‌ನೇಮ್ ಅಂತ ಕೇಳವ್ರೆ. ನಮ್ಮನೇಲಿ ಯಾರ್ಗೂ ಅದಿಲ್ಲ. ಏನ್ ಬರೀಲಿ ಸಾರ್?" ಎಂದಳು. ಅರ್ಜಿ ತುಂಬಿಕೊಡುವ ಅಂಗಡಿಯವನನ್ನು ಮೊದಲು ಕೇಳಿದ್ದಳಂತೆ. ಅವನು, "ಜಾತಿ ಹೆಸ್ರು ಹಾಕವ್ವ, ಎಲ್ರೂ ಅದ್ನೇ ಹಾಕದು" ಎಂದನಂತೆ. ಹುಡುಗಿಯ ಮುಖ ಸಣ್ಣಗಾಗಿತ್ತು. ತಂದೆತಾಯಿಗಳು ಇಟ್ಟ ಹೆಸರಿನಲ್ಲಿ ಇಲ್ಲದ ಜಾತಿಯನ್ನು ತನ್ನ ಕೈಯಿಂದಲೇ ಬರೆದು ಸೇರಿಸಿಕೊಳ್ಳುವ ಪ್ರಸಂಗ ಅವಳಿಗೆ ಹದಿನೆಂಟನೆಯ ವಯಸ್ಸಿನಲ್ಲಿ ಬಂದಿತ್ತು.

ಅಂಗಡಿಯವನನ್ನು ನಾನು ಬೈಯಲಾರೆ. ಅವನು ಒರಟಾಗಿ ಹೇಳಿದ್ದನ್ನೇ ಓದುಬರಹ ಬಲ್ಲವರು ನಯವಾಗಿ ಹೇಳುತ್ತಿದ್ದಾರೆ. ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯವರಿಗೆ ಮನೆತನದ ಹೆಸರಿಲ್ಲದಿರುವುದು ಒಂದು ಕೊರತೆ. ಧಾರವಾಡ ಬಿಜಾಪುರದ ಕಡೆ ಪಾಟೀಲ, ದೇಸಾಯಿ, ಮೆಣಸಿನಕಾಯಿ, ಉಳ್ಳಾಗಡ್ಡಿ ಎಂದು ಒಬ್ಬೊಬ್ಬರಿಗೂ ಅಡ್ಡಹೆಸರಿರುವಾಗ ನಾವು ಮಾತ್ರ ಎರಡು ಇನಿಷಿಯಲ್ಲುಗಳ ಹಿಂದೆ ಅಡಗಿಕೊಂಡಿದ್ದೇವೆ. ಮನೆತನದ ಹೆಸರಿಲ್ಲದವನಿಗೆ ವಂಶದ ಚರಿತ್ರೆಯಿಲ್ಲ — ಇದು ಅವರ ವಾದ. ಸಮಾರಂಭಗಳಲ್ಲಿ ಇದಕ್ಕೆ ಚಪ್ಪಾಳೆಯೂ ಬೀಳುತ್ತದೆ. ಈ ವಾದ ತಪ್ಪು ಮಾತ್ರವಲ್ಲ, ಅಪಾಯಕರವಾದದ್ದು ಎಂದು ನನ್ನ ಅಭಿಪ್ರಾಯ. ವಾಚಕರ ಮುಂದೆ ನನ್ನ ಕಾರಣಗಳನ್ನು ಇಡುತ್ತೇನೆ.

ಮೊದಲು ಒಂದು ಪ್ರಶ್ನೆ. ನಮ್ಮ ಸೀಮೆಯಲ್ಲಿ ಮನೆತನದ ಹೆಸರು ಇಲ್ಲವೇ ಇಲ್ಲವೆ? ಇದೆ, ಆದರೆ ಬಲು ಅಪರೂಪ. ಆ ಅಪರೂಪದ ಹೆಸರುಗಳು ಎಲ್ಲಿಂದ ಬಂದವೆಂದು ನೋಡಿದರೆ ವಂಶಚರಿತ್ರೆಯ ಬಣ್ಣ ಬಯಲಾಗುತ್ತದೆ.

ಯಳಂದೂರಿನ ಜಹಗೀರುದಾರರ ಮನೆತನವನ್ನು ತೆಗೆದುಕೊಳ್ಳೋಣ. ಹೈದರ್, ಟಿಪ್ಪು ಇಬ್ಬರ ಕೈಕೆಳಗೂ ಇದ್ದು, 1799ರಲ್ಲಿ ಮೈಸೂರಿನ ದಿವಾನರಾದ ಪೂರ್ಣಯ್ಯನವರಿಗೆ 1807ರಲ್ಲಿ ಯಳಂದೂರು ಜಹಗೀರಾಗಿ ದೊರೆಯಿತು. ಅವರ ಹುಟ್ಟೂರು ಯಳಂದೂರಲ್ಲ. ಪೂರ್ಣಯ್ಯ ಎಂಬುದು ಅವರ ವಂಶದ ಹೆಸರೂ ಅಲ್ಲ. ತಂದೆತಾಯಿಗಳು ಒಂದು ಮಗುವಿಗೆ ಇಟ್ಟ ಸ್ವಂತ ಹೆಸರು. 1812ರಲ್ಲಿ ಅವರು ತೀರಿಕೊಂಡರು. 1901ರಿಂದ 1906ರವರೆಗೆ ಅದೇ ಮನೆತನದ ಪಿ. ಎನ್. ಕೃಷ್ಣಮೂರ್ತಿಯವರು ಮೈಸೂರಿನ ದಿವಾನರಾದರು. ಈ 'ಪಿ' ಯಾವ ಊರು? ಯಾವ ಊರೂ ಅಲ್ಲ. ಅವರ ಪೂರ್ತಿ ಹೆಸರು ಪೂರ್ಣಯ್ಯ ನರಸಿಂಗರಾವ್ ಕೃಷ್ಣಮೂರ್ತಿ. ಬೇರೆಯವರ ಹೆಸರಿನಲ್ಲಿ ಊರು ಕುಳಿತುಕೊಳ್ಳುವ ಜಾಗದಲ್ಲಿ ಅವರ ಹೆಸರಿನಲ್ಲಿ ಹಿರಿಯರೊಬ್ಬರು ಕುಳಿತಿದ್ದಾರೆ. ಒಂದು ಸನ್ನದು, ಒಂದು ತಾಲ್ಲೂಕಿನ ಆದಾಯ, ಅದನ್ನು ಅನುಭವಿಸುವ ವಾರಸುದಾರರು: ಈ ಮೂರೂ ಸೇರಿದ ಮೇಲೆ ವ್ಯಕ್ತಿಯ ಹೆಸರು ಮನೆತನದ ಹೆಸರಾಯಿತು. ಆಸ್ತಿ ಇದ್ದವರಿಗೆ ಅದರ ಹಕ್ಕನ್ನು ತೋರಿಸಲು ಹೆಸರು ಬೇಕಾಗಿತ್ತು. ಅದೇ ಯಳಂದೂರಿನಲ್ಲಿ ಗೇಯುತ್ತಿದ್ದ ಒಕ್ಕಲಿಗೆ ಅಂಥ ಹೆಸರು ಏಕೆ ಹುಟ್ಟಲಿಲ್ಲ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯ ಉದಾಹರಣೆ ಎಲ್ಲರಿಗೂ ಪರಿಚಿತವಾದದ್ದು. ಅಂದಿನ ಕೊಳ್ಳೇಗಾಲ ತಾಲ್ಲೂಕಿನ ಸಿಂಗಾನಲ್ಲೂರಿನ ರಂಗನಟ ಪುಟ್ಟಸ್ವಾಮಯ್ಯನವರಿಗೆ 1929ರಲ್ಲಿ ಒಬ್ಬ ಮಗ ಹುಟ್ಟಿದ. ಕಾವೇರಿ ತೀರದ ಮುತ್ತತ್ತಿಯ ದೇವರ ಹೆಸರನ್ನು ಅವನಿಗಿಟ್ಟು ಮುತ್ತುರಾಜ ಎಂದು ಕರೆದರು. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಮುತ್ತುರಾಜ: ಊರು, ತಂದೆ, ದೇವರು. ನಮ್ಮ ಸೀಮೆಯ ಹೆಸರಿನ ಕಟ್ಟು ಇದಕ್ಕಿಂತ ಚೆನ್ನಾಗಿ ಬೇರೆಲ್ಲೂ ಸಿಕ್ಕದು. 1954ರ 'ಬೇಡರ ಕಣ್ಣಪ್ಪ' ಚಿತ್ರಕ್ಕೆ ನಿರ್ದೇಶಕ ಎಚ್. ಎಲ್. ಎನ್. ಸಿಂಹ ಅವರು ಈ ತರುಣನಿಗೆ ರಾಜ್‌ಕುಮಾರ್ ಎಂದು ಹೊಸ ಹೆಸರು ಕೊಟ್ಟರು. ಮುಂದಿನದು ನಾಡಿಗೇ ಗೊತ್ತು. ಇಂದು ಆ ಹೆಸರು ಮಕ್ಕಳನ್ನು ದಾಟಿ ಮೊಮ್ಮಕ್ಕಳಿಗೂ ಬಂದಿದೆ. ಕಣ್ಣೆದುರಿಗೆ, ಎರಡೇ ತಲೆಮಾರಿನಲ್ಲಿ, ಬೆಳ್ಳಿತೆರೆಯ ಮೇಲಿನ ಹೆಸರೊಂದು ಮನೆತನದ ಹೆಸರಾಗಿದೆ. ಇನ್ನು ಇನ್ನೂರು ವರ್ಷ ಕಳೆದ ಮೇಲೆ ಯಾರಾದರೂ ವಂಶಾವಳಿ ಪಂಡಿತರು ಹೊರಟರೆ, ಇದು ಯಾವುದೋ ಅರಸು ಮನೆತನದ ಕವಲೆಂದು ಸಾಧಿಸಿ ಗ್ರಂಥ ಬರೆಯುವುದರಲ್ಲಿ ನನಗೆ ಸಂದೇಹವಿಲ್ಲ. ಈಗ ನಮ್ಮ ನಡುವೆ ಓಡಾಡುತ್ತಿರುವ ಎಷ್ಟೋ 'ಮೂಲಪುರುಷ'ರ ಕಥೆಗಳು ಇದಕ್ಕಿಂತ ಬಲವಾದ ಆಧಾರದ ಮೇಲೆ ನಿಂತಿವೆಯೆ?

ಇನ್ನೂ ಹಿಂದಕ್ಕೆ ಹೋದರೆ ಯಳಂದೂರಿನವಳೇ ಆದ ಸಂಚಿ ಹೊನ್ನಮ್ಮ ಇದ್ದಾಳೆ. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆಯ ಸಂಚಿಯನ್ನು ಹಿಡಿಯುವ ಊಳಿಗ ಅವಳದು. 'ಹದಿಬದೆಯ ಧರ್ಮ'ವನ್ನು ಬರೆದ ಕವಯಿತ್ರಿಯ ಹೆಸರಿನ ಮುಂದೆ ನಿಂತಿರುವುದು ಅವಳ ವಂಶವಲ್ಲ, ಗಂಡನಲ್ಲ, ಜಾತಿಯಲ್ಲ. ಅವಳು ಮಾಡುತ್ತಿದ್ದ ಕೆಲಸ. ಮುನ್ನೂರು ವರ್ಷಗಳಿಂದ ಕನ್ನಡಿಗರು ಅವಳನ್ನು ಬೇರಾರೊಡನೆಯೂ ಕಲಸಿಕೊಂಡಿಲ್ಲ.

ಹೊರಗಿನ ಪ್ರಪಂಚದಲ್ಲೂ ಇದೇ ಕಥೆ. ಫಿಲಿಪ್ಪೀನ್ಸ್ ದ್ವೀಪಗಳನ್ನು ಆಳುತ್ತಿದ್ದ ಸ್ಪೇನಿನ ಗವರ್ನರ್ ಕ್ಲವೇರಿಯಾ 1849ರಲ್ಲಿ ಹೆಸರುಗಳ ಒಂದು ದೊಡ್ಡ ಪಟ್ಟಿಯನ್ನು ಸಿದ್ಧಪಡಿಸಿ, ಊರೂರಿಗೆ ಹಂಚಿ, ಪ್ರತಿ ಸಂಸಾರವೂ ಒಂದನ್ನು ಇಟ್ಟುಕೊಳ್ಳಬೇಕೆಂದು ಆಜ್ಞೆ ಹೊರಡಿಸಿದ. ಲೆಕ್ಕ ಸುಲಭವಾಗಬೇಕು, ಕಂದಾಯ ತಪ್ಪಬಾರದು, ಅಷ್ಟೆ. ಅದರ ಫಲವಾಗಿ ಅಲ್ಲಿನ ಕೆಲವು ಊರುಗಳಲ್ಲಿ ಬಹುಮಂದಿಯ ಮನೆತನದ ಹೆಸರು ಇಂದಿಗೂ ಒಂದೇ ಅಕ್ಷರದಿಂದ ಆರಂಭವಾಗುತ್ತದೆ. ಅಂಥ ಊರಿನ ಹೆಸರುಗಳನ್ನು ಭೂಪಟದ ಮೇಲೆ ಗುರುತಿಸಿದರೆ ಕಾಣುವುದು ರಕ್ತಸಂಬಂಧವಲ್ಲ, ಪಟ್ಟಿಯ ಯಾವ ಹಾಳೆ ಯಾವ ಊರಿಗೆ ಹೋಯಿತೆಂಬ ವಿವರ. ತುರ್ಕಿಯಲ್ಲಿ 1934ರ ಕಾನೂನು ಬರುವವರೆಗೆ ಸಾಮಾನ್ಯ ಜನರಿಗೆ ಮನೆತನದ ಹೆಸರೆಂಬ ಕಟ್ಟುಪಾಡೇ ಇರಲಿಲ್ಲ. ಐಸ್‌ಲೆಂಡಿನಲ್ಲಿ ಇಂದೂ ಹೆಚ್ಚಿನವರಿಗೆ ಮನೆತನದ ಹೆಸರಿಲ್ಲ. ತಂದೆಯ ಅಥವಾ ತಾಯಿಯ ಹೆಸರಿಗೆ ಮಗ, ಮಗಳು ಎಂಬ ಅರ್ಥದ ಪದವನ್ನು ಸೇರಿಸಿಕೊಂಡು ಬಾಳುತ್ತಿದ್ದಾರೆ. ಅವರಿಗೆ ಚರಿತ್ರೆಯಿಲ್ಲವೆಂದು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ.

ಹಾಗಾದರೆ ನಮ್ಮ ಸೀಮೆಯ ಹೆಸರುಗಳಲ್ಲಿ ಚರಿತ್ರೆಯಿಲ್ಲವೆ? ಧಾರಾಳವಾಗಿ ಇದೆ, ಅದು ಇರುವ ಕಡೆ ಇವರು ಹುಡುಕುತ್ತಿಲ್ಲ. ಮಲೆ ಮಹದೇಶ್ವರನ ಬೆಟ್ಟದ ಸುತ್ತ ಮಾದಯ್ಯ, ಮಾದಪ್ಪ, ಮಹದೇವಸ್ವಾಮಿ, ಮಾದೇವಮ್ಮ. ಚಿಕ್ಕಲ್ಲೂರಿನ ಸುತ್ತ ಸಿದ್ದಯ್ಯ, ಸಿದ್ದರಾಜು, ಸಿದ್ದಮ್ಮ. ಬಿಳಿಗಿರಿಯ ತಪ್ಪಲಲ್ಲಿ ರಂಗಯ್ಯ, ರಂಗಮ್ಮ. 'ನಾವು ಸಿದ್ದಪ್ಪಾಜಿ ಒಕ್ಕಲು' ಎಂದೊಬ್ಬ ಹೇಳಿದರೆ ಅವನ ಮನೆಯ ಹರಕೆ, ಜಾತ್ರೆ, ನಡೆ ಎಲ್ಲ ಕೇಳಿದವನಿಗೆ ತಿಳಿಯುತ್ತದೆ. ಗಡಿ ದಾಟಿ ಸೇಲಂ, ಈರೋಡು, ಧರ್ಮಪುರಿಗಳಿಗೆ ಹೋದರೆ ಅಲ್ಲಿ ಮಾದೇಶ್ವರನ್, ಮಾದಯ್ಯನ್, ಮಾದಪ್ಪನ್ ಎಂಬ ಹೆಸರುಗಳು. ಈ ಹೆಸರುಗಳ ಹರವನ್ನು ಭೂಪಟದಲ್ಲಿ ಗುರುತಿಸಿದರೆ ನಡುವೆ ಕಾಣುವುದು ಒಂದು ಮನೆತನವಲ್ಲ, ಒಂದು ಬೆಟ್ಟ. ಜಾತಿ ಬೇರೆಯಾದವರಿಗೂ ಭಾಷೆ ಬೇರೆಯಾದವರಿಗೂ ಒಂದೇ ಹೆಸರನ್ನು ಹಂಚಿದ ಬೆಟ್ಟ. ಇದಕ್ಕಿಂತ ಉದಾರವಾದ ವಂಶಾವಳಿ ಯಾವುದಿದೆ?

ಇನ್ನು ಊರಿನ ಹೆಸರು. ಕೊಳ್ಳೇಗಾಲ ಇಂಗ್ಲಿಷರ ಕಾಲದಲ್ಲಿ ಮದ್ರಾಸ್ ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು; ಪಕ್ಕದ ಯಳಂದೂರು ಮೈಸೂರು ಸಂಸ್ಥಾನದಲ್ಲಿತ್ತು. 1956ರಲ್ಲಿ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂತು. 1997ರಲ್ಲಿ ಚಾಮರಾಜನಗರ ಜಿಲ್ಲೆಯಾಯಿತು. ಈಚಿನ ವರ್ಷಗಳಲ್ಲಿ ಹನೂರು ಬೇರೆ ತಾಲ್ಲೂಕಾಯಿತು. ಸರ್ಕಾರ, ಜಿಲ್ಲೆ, ತಾಲ್ಲೂಕು ಎಲ್ಲವೂ ಬದಲಾದುವು. ಹೆಸರಿನ ಮುಂದಿನ ಊರು ಮಾತ್ರ ಬದಲಾಗಲಿಲ್ಲ. ನೆರೆಯ ತಾಲ್ಲೂಕುಗಳಿಂದ ಬಂದ ದೇವನೂರ ಮಹಾದೇವ, ಮೂಡ್ನಾಕೂಡು ಚಿನ್ನಸ್ವಾಮಿ ಇಬ್ಬರೂ ಊರ ಹೆಸರನ್ನೇ ಮುಂದಿಟ್ಟುಕೊಂಡು ಕನ್ನಡ ಸಾಹಿತ್ಯದಲ್ಲಿ ನಿಂತಿದ್ದಾರೆ. ಅವರ ಹೆಸರಿನಲ್ಲಿ ಏನು ಕೊರತೆಯಿದೆ?

ಪ್ರತಿವಾದಿಗಳು ಎರಡು ಪ್ರಶ್ನೆ ಕೇಳುತ್ತಾರೆ. ಒಂದೇ ತರಗತಿಯಲ್ಲಿ ಐದು ಜನ ಮಹದೇವಸ್ವಾಮಿಗಳಿದ್ದರೆ ಗುರುತಿಸುವುದು ಹೇಗೆ? ನಾನು ಹಾಜರಿ ತೆಗೆದುಕೊಳ್ಳುವವನು. ಈ ಕಷ್ಟ ಬಲ್ಲೆ. ಮುಡಿಗುಂಡದವನು, ಪಾಳ್ಯದವನು, ಕುಂತೂರಿನವನು, ಸತ್ತೇಗಾಲದವನು, ಮಧುವನಹಳ್ಳಿಯವನು ಎಂದರೆ ಮುಗಿಯಿತು. ಜಾತಿಯ ಹೆಸರು ಹಚ್ಚಿದರೆ ಐವರಲ್ಲಿ ಮೂವರು ಮತ್ತೆ ಒಂದೇ ಆಗುತ್ತಾರೆ. ಗುರುತಿಸಲೆಂದು ತಂದ ಹೆಸರು ಗುರುತನ್ನೇ ಅಳಿಸುತ್ತದೆ.

ಎರಡನೆಯದು ಪರದೇಶದ ಮಾತು. ಅಮೆರಿಕದ ವೀಸಾದಲ್ಲಿ ಒಂದೇ ಹೆಸರಿನವನಿಗೆ 'ಮೊದಲ ಹೆಸರು ಗೊತ್ತಿಲ್ಲ' ಎಂಬ ಅರ್ಥದ ಮೂರಕ್ಷರ ಬೀಳುತ್ತದೆ ನಿಜ. 2022ರ ನವೆಂಬರಿನಲ್ಲಿ ಸಂಯುಕ್ತ ಅರಬ್ ಎಮಿರೇಟ್ಸ್, ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವ ಪ್ರವಾಸಿಗಳಿಗೆ ಪ್ರವೇಶವಿಲ್ಲವೆಂದದ್ದೂ ನಿಜ. ಆದರೆ ಪಾಸ್‌ಪೋರ್ಟಿನ ಎರಡನೆಯ ಪುಟದಲ್ಲಿ ತಂದೆಯ ಹೆಸರಿದ್ದರೆ ಸಾಕೆಂದು ಆ ದೇಶವೇ ಆಮೇಲೆ ಸ್ಪಷ್ಟಪಡಿಸಿತು. ಅವರು ಕೇಳಿದ್ದು ಎರಡನೆಯ ಪದವನ್ನು, ನಮ್ಮ ಜಾತಿಯನ್ನಲ್ಲ. ನಮ್ಮ ದೇಶದ ಪಾಸ್‌ಪೋರ್ಟಿನ ಅರ್ಜಿಯಲ್ಲೂ ಸರ್‌ನೇಮ್ ಕಡ್ಡಾಯವಿಲ್ಲ. ಖಾಲಿ ಬಿಡುವುದು ತೊಂದರೆಯೆನಿಸಿದರೆ ಊರನ್ನೋ ತಂದೆಯ ಅಥವಾ ತಾಯಿಯ ಹೆಸರನ್ನೋ ಅಲ್ಲಿ ಬಿಡಿಸಿ ಬರೆದರೆ ಆಯಿತು. ಅರಬರ ದೇಶಕ್ಕೂ ಅಮೆರಿಕಕ್ಕೂ ಬೇಡವಾದ ಜಾತಿಯನ್ನು ನಾವೇಕೆ ರಹದಾರಿಯಲ್ಲಿ ಹೊತ್ತುಕೊಂಡು ಹೋಗಬೇಕು?

ಇಲ್ಲಿಯೇ ಅಪಾಯವಿರುವುದು. ಇಲ್ಲದ ಮನೆತನದ ಹೆಸರನ್ನು ರಾತ್ರೋರಾತ್ರಿ ಹುಟ್ಟಿಸಲಾಗದು. ಆದ್ದರಿಂದ ಆ ಖಾಲಿ ಜಾಗಕ್ಕೆ ಜಾತಿ ಬಂದು ಕುಳಿತುಕೊಳ್ಳುತ್ತದೆ. ಅದೂ ಸರಿಯಾಗಿ ಕುಳಿತುಕೊಳ್ಳುವುದಿಲ್ಲ. ಬಿಳಿಗಿರಿರಂಗನ ಬೆಟ್ಟದ, ಮಹದೇಶ್ವರ ಬೆಟ್ಟದ ಸೋಲಿಗರನ್ನು ನೋಡಿ. ಅವರಲ್ಲಿ ಹಾಲೇರು, ಬೆಳ್ಳೇರು, ಸೂರೀರು, ತೇನೇರು, ಸೆಲಿಕೀರು ಮೊದಲಾದ ಕುಲಗಳಿವೆ. ಹೆಣ್ಣು ಕೊಡುವುದು, ತರುವುದು ಕುಲ ನೋಡಿಯೇ. ನಿಜವಾದ ಮನೆತನದ ಹೆಸರು ಯಾರಿಗಾದರೂ ಇದ್ದರೆ ಅವರಿಗೆ ಇದೆ. ಆದರೆ ಕಾಗದಪತ್ರಗಳಲ್ಲಿ ಕಾಣುವುದು ಜಡೇಗೌಡ, ಮಾದೇಗೌಡ. ಈ ಹೆಸರನ್ನು ಎರಡಾಗಿ ಸೀಳಿ 'ಗೌಡ'ವನ್ನು ಸರ್‌ನೇಮ್ ಎಂದು ಬರೆದರೆ, ಬೆಂಗಳೂರಿನಲ್ಲಿ ಕುಳಿತು ಓದುವ ಅಧಿಕಾರಿ ಆ ಹುಡುಗನನ್ನು ಒಕ್ಕಲಿಗನೆಂದು ತಿಳಿಯುತ್ತಾನೆ. ಪರಿಶಿಷ್ಟ ಪಂಗಡದ ಮಗು ತನ್ನ ಹೆಸರಿಗೆ ತಾನೇ ವಿವರಣೆ ಕೊಟ್ಟುಕೊಳ್ಳುತ್ತ ಕಚೇರಿಯಿಂದ ಕಚೇರಿಗೆ ಅಲೆಯಬೇಕೆ? ಇತ್ತ ದಲಿತ ವಿದ್ಯಾರ್ಥಿಗೆ ಆಗುವ ಕೆಡುಕು ಇನ್ನೊಂದು ಬಗೆಯದು. ಬಾಡಿಗೆ ಮನೆ ಕೇಳಲು ಹೋದಲ್ಲಿ, ಕೆಲಸದ ಸಂದರ್ಶನದಲ್ಲಿ, ಬಾಯಿ ತೆರೆಯುವ ಮೊದಲೇ ಹೆಸರು ಅವನ ವಿಚಾರವನ್ನು ತೀರ್ಮಾನ ಮಾಡಿಬಿಡುತ್ತದೆ. ಜಾತಿ ಪ್ರಮಾಣಪತ್ರ ಅವನ ಹಕ್ಕು. ಬೇಕಾದಾಗ ಹೊರತೆಗೆದು ತೋರಿಸುತ್ತಾನೆ. ಸರ್‌ನೇಮ್ ಹಾಗಲ್ಲ. ಅದನ್ನು ಅವನು ಒಳಗಿಡಲಾರ.

1929ರಲ್ಲಿ ಚೆಂಗಲ್ಪಟ್ಟಿನಲ್ಲಿ ಸೇರಿದ ಸ್ವಾಭಿಮಾನ ಚಳವಳಿಯ ಸಮ್ಮೇಳನ, ಹೆಸರಿಗೆ ಜಾತಿಯನ್ನು ಅಂಟಿಸಿಕೊಳ್ಳುವುದನ್ನು ಬಿಡಬೇಕೆಂದು ನಿರ್ಣಯ ಮಾಡಿತು. ಒಂದು ನಾಡು ಚಳವಳಿ ಹೂಡಿ ಕಳಚಿಕೊಳ್ಳಹೊರಟದ್ದನ್ನು, ಅದು ಇಲ್ಲದೆಯೇ ಬಾಳಿದ ನಾವು ಅರ್ಜಿಯ ಒಂದು ಕಾಲಮ್ಮಿಗೆ ಹೆದರಿ ತೊಟ್ಟುಕೊಳ್ಳುವುದು ಎಂಥ ವಿವೇಕ?

ಉತ್ತರದವರ ಅಡ್ಡಹೆಸರುಗಳ ಮೇಲೆ ನನಗೆ ಜಗಳವಿಲ್ಲ. ಅವು ಆ ನೆಲದಲ್ಲಿ ಬೆಳೆದವು. ಅವುಗಳ ಸೊಗಸೇ ಬೇರೆ. ನಮ್ಮ ನೆಲದಲ್ಲಿ ಊರು, ಹೆತ್ತವರು, ದೇವರು ಬೆಳೆದಿವೆ. ಅವೇ ನಮಗೆ ಸಾಕು. ಉಪಾಧ್ಯಾಯರು ಪ್ರವೇಶದ ದಿನ ಮಕ್ಕಳ ಹೆಸರನ್ನು ಬರೆಯುವಾಗ, ತಂದೆತಾಯಿಗಳು ಜನನದ ದಾಖಲೆ ಮಾಡಿಸುವಾಗ, ಈ ಒಂದು ವಿಷಯವನ್ನು ನೆನಪಿನಲ್ಲಿಟ್ಟರೆ ಮುಂದಿನ ತಲೆಮಾರು ಉಪಕಾರ ಸ್ಮರಿಸುತ್ತದೆ.

ಆ ಹುಡುಗಿಗೆ ನಾನು ಇಷ್ಟನ್ನೆಲ್ಲ ಹೇಳಲಿಲ್ಲ. "ನಿಮ್ಮೂರ ಹೆಸರು ಬರಿಯಮ್ಮ" ಎಂದೆ. "ಊರ ಹೆಸ್ರು ನಡೀತದಾ ಸಾರ್?" ಎಂದಳು. "ನಡೆಯುತ್ತದೆ, ಬರಿ" ಎಂದೆ. ನನ್ನ ಮೇಜಿನ ಮೇಲೆಯೇ ಅರ್ಜಿಯನ್ನಿಟ್ಟು ದುಂಡಗೆ ಬರೆದಳು. ಎರಡು ನೂರು ಮನೆಗಳೂ ಇಲ್ಲದ ಹಳ್ಳಿ ಅದು. ಜಹಗೀರು ಪಡೆದವರಾರೂ ಅಲ್ಲಿಲ್ಲ. ಆದರೂ ಆ ಕಾಲಮ್ಮನ್ನು ತುಂಬಲು ಅದರ ಹೆಸರು ಧಾರಾಳವಾಗಿ ಸಾಕಾಯಿತು.