ಓದು ಬಲ್ಲವನೂ ಮೋಸಹೋದಾಗ

ನಮ್ಮ ಶಾಲೆಯು ಐವತ್ತು ಸಂವತ್ಸರಗಳನ್ನು ಪೂರೈಸಿದ ಈ ಶುಭಾವಸರದಲ್ಲಿ ಹಳೆಯ ನೆನಪುಗಳನ್ನು ಬರೆದುಕೊಡಬೇಕೆಂದು ಸಂಚಿಕೆಯ ಸಂಪಾದಕರು ಅಪೇಕ್ಷಿಸಿದ್ದರು. ನೆನಪುಗಳನ್ನು ಬರೆಯುವವರು ಬಹಳ ಮಂದಿ ಇದ್ದಾರೆ. ನಾನು ಈ ಇಳಿವಯಸ್ಸಿನಲ್ಲಿ ಬೆಲೆ ತೆತ್ತು ಕಲಿತ ಒಂದು ಪಾಠವನ್ನು ನಿವೇದಿಸಿಕೊಳ್ಳುತ್ತೇನೆ.

ಕಳೆದ ವರ್ಷ ನನ್ನ ಮೊಬೈಲಿಗೆ ಇಂಗ್ಲಿಷಿನಲ್ಲಿ ಒಂದು ಸಂದೇಶ ಬಂತು. ಇಂದೇ ವಿವರ ನೀಡದಿದ್ದರೆ ಪಿಂಚಣಿಯ ಖಾತೆ ಸ್ಥಗಿತವಾಗುವುದೆಂದು ಅದರ ಒಕ್ಕಣೆ. ಕೆಳಗಿದ್ದ ಲಿಂಕನ್ನು ಒತ್ತಿದೆ. ಬ್ಯಾಂಕಿನದೇ ಲಾಂಛನ, ಅದೇ ಬಣ್ಣ. ಪಾಸ್‌ವರ್ಡನ್ನೂ ಬಳಿಕ ಬಂದ ಒ.ಟಿ.ಪಿ.ಯನ್ನೂ ತುಂಬಿದೆ. ಒಂದು ತಿಂಗಳ ಪಿಂಚಣಿ ಮಾಯವಾಯಿತು. ಮಕ್ಕಳಿಗೆ ಓದು ಕಲಿಸಿದ ಮಾಸ್ತರನೇ ಓದಲರಿಯದೆ ಮೋಸಹೋದನೆಂಬ ನಾಚಿಕೆಯಿಂದ ಮೂರು ದಿನ ಮನೆಯವರಿಗೂ ಹೇಳಲಿಲ್ಲ. ಆ ಮೌನವೇ ನನ್ನ ದೊಡ್ಡ ತಪ್ಪು. ಕೂಡಲೇ 1930ಕ್ಕೆ ಕರೆ ಮಾಡಿದ್ದರೆ ಹಣವನ್ನು ನಡುದಾರಿಯಲ್ಲೇ ತಡೆಯುವ ಸಾಧ್ಯತೆಯಾದರೂ ಇತ್ತು.

ಇಂತಹ ವಂಚನೆಗೆ ಫಿಶಿಂಗ್ ಎಂದು ಹೆಸರು. ಇದನ್ನು ಗುರುತಿಸುವ ಬಗೆಯನ್ನು ಆಮೇಲೆ ಮೊಮ್ಮಗಳು ಕಲಿಸಿದಳು. ಪುಟದ ಚಂದವನ್ನು ನೋಡಬಾರದು, ಮೇಲಿರುವ ವಿಳಾಸವನ್ನು ಓದಬೇಕು. ಕಾಗದದ ವಿಳಾಸದಲ್ಲಿ ಮನೆಗೆ ಯಾವ ಹೆಸರನ್ನೂ ಇಟ್ಟುಕೊಳ್ಳಬಹುದು; ಊರು ಯಾವುದೆಂದು ತಿಳಿಯುವುದು ಕೊನೆಯಲ್ಲಿ. ಇಲ್ಲಿಯೂ ಹಾಗೆಯೇ. ಆರಂಭದ ಜೋಡಿ ಓರೆಗೆರೆಯನ್ನು ಬಿಟ್ಟು, ಮುಂದಿನ ಓರೆಗೆರೆಗೆ ಮೊದಲು ಬರುವ ಕೊನೆಯ ಪದಗಳೇ ಪುಟದ ಯಜಮಾನನನ್ನು ತಿಳಿಸುತ್ತವೆ. ಅಕ್ಷರಗಳನ್ನೂ ಬಿಡಿಬಿಡಿಯಾಗಿ ನೋಡಬೇಕು. ಇಂಗ್ಲಿಷಿನ ಆರ್ ಮತ್ತು ಎನ್ ಒತ್ತಾಗಿ ನಿಂತರೆ ಎಂ ಎಂದೇ ಕಾಣುತ್ತದೆ. ಉಕ್ತಲೇಖನದಲ್ಲಿ ಪಕಾರ ಷಕಾರಗಳನ್ನು ತಿದ್ದಿದ ನನಗೆ ಇದು ಹೊಳೆಯಲಿಲ್ಲವಲ್ಲ! ಬೀಗದ ಗುರುತು ಕಂಡ ಮಾತ್ರಕ್ಕೂ ನಂಬಲಾಗದು. ಕಳ್ಳನ ಪುಟಕ್ಕೂ ಆ ಬೀಗ ಸಿಗುತ್ತದೆ. 2025ರ ಅಕ್ಟೋಬರ್ 31ರೊಳಗೆ ಎಲ್ಲ ಬ್ಯಾಂಕುಗಳೂ ತಮ್ಮ ವಿಳಾಸವನ್ನು ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದು ಮುಗಿಯುವಂತೆ ಬದಲಿಸಬೇಕೆಂದು ರಿಸರ್ವ್ ಬ್ಯಾಂಕ್ ಆದೇಶಿಸಿದ್ದುದು ಇದೇ ಕಾರಣದಿಂದ.

ಬೇರೆ ವೇಷಗಳೂ ಇವೆ. ಮದುವೆಯ ಕರೆಯೋಲೆಯೆಂದು ಬರುವ ಎ.ಪಿ.ಕೆ. ಕಡತವು ಓಲೆಯಲ್ಲ, ಫೋನಿನೊಳಗೆ ನುಗ್ಗುವ ಆ್ಯಪ್. ‘ನಿಮ್ಮ ಕಂಪ್ಯೂಟರಿಗೆ ವೈರಸ್ ತಗುಲಿದೆ, ಈ ಸಂಖ್ಯೆಗೆ ಕರೆ ಮಾಡಿ’ ಎಂದು ಪರದೆಯ ಮೇಲೆ ಹಠಾತ್ತನೆ ಮೂಡುವ ಎಚ್ಚರಿಕೆಯೂ ಬಲೆಯೇ. ಯು.ಪಿ.ಐ.ಯಲ್ಲಿ ಹಣ ಪಡೆಯಲು ಪಿನ್ ಬೇಕಾಗಿಯೇ ಇಲ್ಲ. ಇವೆಲ್ಲವುಗಳಲ್ಲಿಯೂ ಇರುವ ಸಮಾನ ಲಕ್ಷಣ ಒಂದೇ: ಯೋಚಿಸಲು ಬಿಡದ ಅವಸರ.

ಕಾಸರಗೋಡಿನ ಕನ್ನಡಿಗರಾದ ನಮಗೆ ಇನ್ನೊಂದು ದೌರ್ಬಲ್ಯವಿದೆ. ಕಚೇರಿಯಲ್ಲಿ ಮಲಯಾಳ, ಬ್ಯಾಂಕಿನಲ್ಲಿ ಇಂಗ್ಲಿಷ್. ಅರ್ಥವಾಗದ ಕಾಗದಕ್ಕೆ, ತೋರಿಸಿದ ಕಡೆ ಸಹಿ ಹಾಕುವುದು ನಮ್ಮ ಹಿರಿಯರಿಗೆ ಅಭ್ಯಾಸವಾಗಿಬಿಟ್ಟಿದೆ. ಅದೇ ಅಭ್ಯಾಸದಿಂದ ಮೊಬೈಲಿನಲ್ಲಿಯೂ ಒತ್ತುತ್ತಾರೆ. ಕಳ್ಳನಿಗೆ ಇಷ್ಟೇ ಸಾಕು.

ಆದುದರಿಂದ ಹಳೆವಿದ್ಯಾರ್ಥಿಗಳಲ್ಲಿ ನನ್ನದೊಂದು ವಿನಂತಿ. ಉತ್ಸವದ ಚಪ್ಪರ ಇಳಿಸಿದ ಮೇಲೆ ತಿಂಗಳಿಗೊಂದು ಭಾನುವಾರ ಇದೇ ಶಾಲೆಯ ಕೋಣೆಯಲ್ಲಿ ಕುಳಿತು, ಊರಿನ ಹಿರಿಯರಿಗೆ ಈ ಪಾಠವನ್ನು ಕನ್ನಡದಲ್ಲೇ ಹೇಳಿಕೊಡಿರಿ. ಮೊದಲನೆಯ ಬೆಂಚಿನಲ್ಲಿ ನಾನು ಕುಳಿತಿರುತ್ತೇನೆ.